ನರಗಳ ನಕ್ಷೆ ಸಿಕ್ಕರೆ ಮೆದುಳು ಅರ್ಥವಾದಂತೆಯೇ? ಏಡಿಯ ಹೊಟ್ಟೆ ಹೇಳುವುದೇ ಬೇರೆ

2024ರ ಅಕ್ಟೋಬರ್‌ನಲ್ಲಿ ಒಂದು ದೊಡ್ಡ ಸುದ್ದಿ ಬಂತು. ಹಣ್ಣಿನ ನೊಣದ ಇಡೀ ಮೆದುಳಿನ ನಕ್ಷೆ ಸಿದ್ಧವಾಗಿದೆ, ಅದರಲ್ಲಿ 1,39,255 ನರಕೋಶಗಳಿವೆ, ಅವುಗಳ ನಡುವೆ 5 ಕೋಟಿಗೂ ಹೆಚ್ಚು ಸಂಪರ್ಕಗಳಿವೆ ಎಂದು. 2025ರ ಏಪ್ರಿಲ್‌ನಲ್ಲಿ ಇಲಿಯ ಮೆದುಳಿನ ಒಂದು ಘನ ಮಿಲಿಮೀಟರ್ ತುಣುಕಿನ ನಕ್ಷೆಯೂ ಬಂತು. ಸಾಸಿವೆ ಕಾಳಿನಷ್ಟು ಜಾಗ, ಅಷ್ಟರಲ್ಲೇ ಸುಮಾರು 50 ಕೋಟಿ ಸಂಪರ್ಕಗಳು! ಮೆದುಳಿನ ಗುಟ್ಟು ಬಯಲಾಯಿತು ಎನ್ನುವ ಧಾಟಿಯ ತಲೆಬರಹಗಳೂ ಜೊತೆಗೆ ಬಂದವು.

ಆದರೆ ಸುದ್ದಿಯನ್ನು ಪೂರ್ತಿ ಓದಿದವರಿಗೆ ಗೊಂದಲವಾಗುತ್ತದೆ. ಮೇಲೆ ನಕ್ಷೆ ಪೂರ್ಣ ಎಂದಿರುತ್ತದೆ, ಕೆಳಗೆ ಮೆದುಳು ಹೇಗೆ ಕೆಲಸ ಮಾಡುತ್ತದೆ ಎಂದು ತಿಳಿಯಲು ಇನ್ನೂ ಬಹಳ ದೂರ ಹೋಗಬೇಕು ಎಂದೂ ಇರುತ್ತದೆ. ಎಲ್ಲ ತಂತಿಗಳೂ ಎಲ್ಲಿಂದ ಎಲ್ಲಿಗೆ ಹೋಗುತ್ತವೆ ಎಂದು ಗೊತ್ತಾದ ಮೇಲೆ ಇನ್ನೇನು ಬಾಕಿ?

ಈ ಪ್ರಶ್ನೆಗೆ ತುಂಬಾ ಚೆನ್ನಾಗಿ ಉತ್ತರ ಕೊಡುವ ಪ್ರಾಣಿ ನೊಣವೂ ಅಲ್ಲ, ಇಲಿಯೂ ಅಲ್ಲ. ಏಡಿ ಮತ್ತು ಲಾಬ್‌ಸ್ಟರ್. ಅದೂ ಅವುಗಳ ಮೆದುಳಲ್ಲ, ಹೊಟ್ಟೆ.

ಹೊಟ್ಟೆಯೊಳಗೆ ಹಲ್ಲು

ಏಡಿ ಬಾಯಲ್ಲಿ ಆಹಾರವನ್ನು ಹರಿದು ನುಂಗುತ್ತದೆ, ಆದರೆ ನಿಜವಾಗಿ ಜಗಿಯುವುದು ಹೊಟ್ಟೆಯಲ್ಲಿ. ಅಲ್ಲಿ ಮೂರು ಗಟ್ಟಿ ಹಲ್ಲುಗಳಿವೆ, ನಡುವೆ ಒಂದು, ಅಕ್ಕಪಕ್ಕ ಎರಡು. ಇವನ್ನು ಆಡಿಸಲು ಸಣ್ಣ ಸಣ್ಣ ಸ್ನಾಯುಗಳಿವೆ. ಜಗಿಯುವ ಕೆಲಸ ನಿಧಾನ, ಒಂದು ಸುತ್ತಿಗೆ ಹಲವು ಸೆಕೆಂಡು ಬೇಕು. ಅದರ ಹಿಂದೆ ಅರೆದ ಆಹಾರವನ್ನು ಸೋಸಿ ಮುಂದೆ ತಳ್ಳುವ ಭಾಗವಿದೆ, ಅದರ ಹೆಸರು ಪೈಲೋರಸ್. ಅಲ್ಲಿನ ಲಯ ಚುರುಕು, ಸೆಕೆಂಡಿಗೆ ಹೆಚ್ಚುಕಡಿಮೆ ಒಂದು ಸುತ್ತು.

ಈ ಎರಡೂ ಲಯಗಳನ್ನು ಹುಟ್ಟಿಸುವುದು ಒಂದೇ ಪುಟ್ಟ ನರಗಂಟು. ಅದರಲ್ಲಿ ಇರುವುದು ಬರೀ 26ರಿಂದ 30 ನರಕೋಶಗಳು. ಪ್ರತಿಯೊಂದಕ್ಕೂ ಹೆಸರಿದೆ, ಯಾವ ಏಡಿಯನ್ನು ತೆಗೆದುಕೊಂಡರೂ ಇದೇ ಆ ಕೋಶ ಎಂದು ಗುರುತು ಹಿಡಿಯಬಹುದು. 1960ರ ದಶಕದಲ್ಲಿ ಡೊನಾಲ್ಡ್ ಮೇನಾರ್ಡ್ ಇದರ ಅಧ್ಯಯನಕ್ಕೆ ದಾರಿ ಹಾಕಿದರು. ಮುಂದೆ ಅಲನ್ ಸೆಲ್ವರ್‌ಸ್ಟನ್, ಈವ್ ಮಾರ್ಡರ್, ಮೈಕೆಲ್ ನುಸ್‌ಬಾಮ್ ಮುಂತಾದವರು ಯಾವ ಕೋಶ ಯಾವುದರ ಜೊತೆ ಮಾತಾಡುತ್ತದೆ, ಯಾವುದು ಯಾವುದನ್ನು ಅದುಮಿಡುತ್ತದೆ ಎಂದು ಒಂದೊಂದಾಗಿ ಬರೆದಿಟ್ಟರು. ಅಂದರೆ ನೊಣದ ನಕ್ಷೆ ಬರುವುದಕ್ಕೆ ದಶಕಗಳ ಮೊದಲೇ ಏಡಿಯ ಹೊಟ್ಟೆಯ ತಂತಿ ನಕ್ಷೆ ಕೈಯಲ್ಲಿತ್ತು. ಅದು ಸಿಕ್ಕ ಮೇಲೇ ನಿಜವಾದ ಒಗಟು ಶುರುವಾಯಿತು.

ಲಯ ಹುಟ್ಟುವುದು ಹೇಗೆ

ಪೈಲೋರಸ್‌ನ ಲಯಕ್ಕೆ ಮೂರು ಹೆಜ್ಜೆ. ಎಬಿ ಎಂಬ ಒಂದು ಕೋಶ ತಾಳ ಹಾಕುತ್ತದೆ, ಹೊರಗಿನಿಂದ ಯಾರೂ ತಟ್ಟದಿದ್ದರೂ ಹದ ಸರಿಯಿದ್ದರೆ ತಾನಾಗಿ ಮಿಡಿಯುವ ಗುಣ ಅದಕ್ಕಿದೆ. ಪಿಡಿ ಎಂಬ ಎರಡು ಕೋಶಗಳು ಅದಕ್ಕೆ ಅಂಟಿಕೊಂಡಿರುವುದರಿಂದ ಜೊತೆಯಲ್ಲೇ ಮಿಡಿಯುತ್ತವೆ. ಇವು ಮಿಡಿಯುವಾಗ ಎಲ್‌ಪಿ ಮತ್ತು ಪಿವೈ ಎಂಬ ಕೋಶಗಳನ್ನು ಅದುಮಿ ಸುಮ್ಮನಿರಿಸುತ್ತವೆ. ಎಬಿ, ಪಿಡಿ ನಿಂತ ಕೂಡಲೇ ಎಲ್‌ಪಿ ಪುಟಿದೇಳುತ್ತದೆ, ಸ್ವಲ್ಪ ತಡವಾಗಿ ಪಿವೈ ಏಳುತ್ತದೆ, ಎದ್ದು ಎಲ್‌ಪಿಯನ್ನು ಅದುಮುತ್ತದೆ. ಅಷ್ಟರಲ್ಲಿ ಎಬಿ ಮತ್ತೆ ಶುರು. ಪಿಡಿ, ಎಲ್‌ಪಿ, ಪಿವೈ. ಪಿಡಿ, ಎಲ್‌ಪಿ, ಪಿವೈ.

ಇಲ್ಲಿ ಒಂದನ್ನು ಗಮನಿಸಬೇಕು. ಈ ಕೋಶಗಳು ಒಂದನ್ನೊಂದು ಹುರಿದುಂಬಿಸುವುದಕ್ಕಿಂತ ಜಾಸ್ತಿ ಒಂದನ್ನೊಂದು ತಡೆಯುತ್ತವೆ. ತಡೆ ಬಿಟ್ಟಾಗ ಯಾರು ಎಷ್ಟು ಬೇಗ ಏಳುತ್ತಾರೆ ಎಂಬುದರಿಂದಲೇ ಸರದಿ ತೀರ್ಮಾನವಾಗುತ್ತದೆ. ಬೇಗ ಏಳುವುದೋ ತಡವಾಗಿ ಏಳುವುದೋ ಎಂಬುದು ತಂತಿಯಲ್ಲಿ ಬರೆದಿಲ್ಲ, ಅದು ಕೋಶದ ಪೊರೆಯಲ್ಲಿರುವ ಅಯಾನು ಬಾಗಿಲುಗಳ, ಅಂದರೆ ವಿದ್ಯುದಾವೇಶದ ಕಣಗಳನ್ನು ಒಳಗೆ ಹೊರಗೆ ಬಿಡುವ ರಂಧ್ರಗಳ, ಹದದ ಮೇಲೆ ನಿಂತಿದೆ. ಪೆಪ್ಟೈಡ್ ಹಾರ್ಮೋನುಗಳು, ಅಂದರೆ ಅಮೈನೊ ಆಮ್ಲಗಳ ಪುಟ್ಟ ಸರಪಳಿಗಳಾದ ಸಂದೇಶವಾಹಕಗಳು, ಕೈಯಾಡಿಸುವುದು ಈ ಹದದ ಮೇಲೆಯೇ.

ತಟ್ಟೆಯಲ್ಲಿ ನಡೆಯುವ ಪ್ರಯೋಗ

ಒಂದು ಪ್ರಯೋಗವನ್ನು ಹತ್ತಿರದಿಂದ ನೋಡೋಣ. ಏಡಿಯ ಹೊಟ್ಟೆಯ ನರಗಳನ್ನು, ನರಗಂಟಿನ ಸಮೇತ, ಹುಷಾರಾಗಿ ಬಿಡಿಸಿ ತಣ್ಣನೆಯ ಉಪ್ಪುನೀರಿನ ತಟ್ಟೆಯಲ್ಲಿ ಹರಡುತ್ತಾರೆ. ನರಗಳ ಸುತ್ತ ವ್ಯಾಸಲೀನ್‌ನಿಂದ ಪುಟ್ಟ ಕಟ್ಟೆ ಕಟ್ಟಿ ಎಲೆಕ್ಟ್ರೋಡ್ ಇಡುತ್ತಾರೆ. ಪ್ರಾಣಿ ಇಲ್ಲ, ಆಹಾರವಿಲ್ಲ, ಹಲ್ಲಿಲ್ಲ. ಆದರೂ ಪರದೆಯ ಮೇಲೆ ಅದೇ ಮೂರು ಹೆಜ್ಜೆಯ ಲಯ ಗಂಟೆಗಟ್ಟಲೆ ಓಡುತ್ತಲೇ ಇರುತ್ತದೆ.

ಈ ನರಗಂಟಿಗೆ ಮೇಲಿನ ನರಗಂಟುಗಳಿಂದ ಆದೇಶ ತರುವ ನರ ಒಂದೇ. ಅದನ್ನು ಕತ್ತರಿಸಿದರೆ ಅಥವಾ ಅದರ ಸಂಕೇತ ದಾಟದಂತೆ ತಡೆದರೆ ಲಯ ನಿಧಾನವಾಗುತ್ತದೆ, ಎಷ್ಟೋ ಸಲ ಪೂರ್ತಿ ನಿಂತೇ ಹೋಗುತ್ತದೆ. ಆ 26 ಕೋಶಗಳ ನಡುವಿನ ಒಂದು ಸಂಪರ್ಕವೂ ಹರಿದಿಲ್ಲ. ಸರ್ಕ್ಯೂಟ್ ಇದ್ದ ಹಾಗೇ ಇದೆ. ಆದರೆ ಜೀವ ಇಲ್ಲ.

ಈಗ ಉಪ್ಪುನೀರಿಗೆ ಪ್ರಾಕ್ಟೋಲಿನ್ ಎಂಬ ಪೆಪ್ಟೈಡನ್ನು ಅತಿ ಸಣ್ಣ ಪ್ರಮಾಣದಲ್ಲಿ ಸೇರಿಸುತ್ತಾರೆ. ಅದು ಬರೀ ಐದು ಅಮೈನೊ ಆಮ್ಲಗಳ ಸರಪಳಿ, 1975ರಲ್ಲಿ ಮೊದಲು ಬೇರ್ಪಡಿಸಿದ್ದು ಜಿರಲೆಯಿಂದ. ಪ್ರಾಕ್ಟೋಲಿನ್ ತಲುಪಿದ ಮೇಲೆ ನಿಂತಿದ್ದ ಲಯ ಎದ್ದು ಕೂರುತ್ತದೆ. ಎಲ್‌ಪಿ ಕೋಶ ಮೊದಲಿಗಿಂತ ಜೋರಾಗಿ ಮಿಡಿಯುತ್ತದೆ. ಪ್ರಾಕ್ಟೋಲಿನ್ ತೊಳೆದು ತೆಗೆದರೆ ಲಯ ಮತ್ತೆ ಕುಂಟುತ್ತದೆ.

ಇನ್ನೊಂದು ವಿಷಯವೂ ಇಲ್ಲಿ ಕಾಣುತ್ತದೆ. ಲಯ ನಿಧಾನವಾಗಿದ್ದರೆ ಪ್ರಾಕ್ಟೋಲಿನ್ ಅದನ್ನು ಸೆಕೆಂಡಿಗೆ ಒಂದು ಸುತ್ತಿನ ಹತ್ತಿರಕ್ಕೆ ತರುತ್ತದೆ, ಆಗಲೇ ಆ ವೇಗದಲ್ಲಿ ಓಡುತ್ತಿದ್ದರೆ ಅಷ್ಟಾಗಿ ಏನೂ ಮಾಡುವುದಿಲ್ಲ. ಹಾಗಾಗಿ ಈ ಪೆಪ್ಟೈಡ್ ವೇಗ ಹೆಚ್ಚಿಸುತ್ತದೆಯೇ ಎಂದು ಕೇಳಿದರೆ ಸರ್ಕ್ಯೂಟ್ ಈಗ ಯಾವ ಸ್ಥಿತಿಯಲ್ಲಿದೆ ಎಂದು ನೋಡದೆ ಉತ್ತರ ಕೊಡಲಾಗದು.

ಪೆಪ್ಟೈಡ್ ಒಳಗೆ ಮಾಡುವುದೇನು

ಮಾಮೂಲಿ ನರಸಂದೇಶ ತುಂಬಾ ಬೇಗ ಮುಗಿಯುತ್ತದೆ. ಒಂದು ಕೋಶದ ತುದಿಯಿಂದ ಪಕ್ಕದ ಕೋಶಕ್ಕೆ ರಾಸಾಯನಿಕ ಹಾರುತ್ತದೆ, ಮಿಲಿಸೆಕೆಂಡುಗಳಲ್ಲಿ ಕೆಲಸ ಆಯಿತು. ಪೆಪ್ಟೈಡ್ ಹಾಗಲ್ಲ. ಅದು ಬಿಡುಗಡೆಯಾದ ಜಾಗದಿಂದ ಸುತ್ತಮುತ್ತ ಹರಡುತ್ತದೆ, ರಕ್ತದಲ್ಲಿ ತೇಲಿಕೊಂಡು ದೂರಕ್ಕೂ ಹೋಗುತ್ತದೆ, ತನಗೆ ಹೊಂದುವ ರಿಸೆಪ್ಟರ್ (ಅದನ್ನು ಗುರುತಿಸಿ ಹಿಡಿಯುವ ಅಣು) ಇರುವ ಕೋಶ ಎಲ್ಲಿ ಸಿಕ್ಕರೂ ಅಲ್ಲಿ ಕೂತು ಸೆಕೆಂಡುಗಳಿಂದ ನಿಮಿಷಗಳವರೆಗೆ ಕೆಲಸ ಮಾಡುತ್ತದೆ.

ಏಡಿಯಲ್ಲಿ ಇದಕ್ಕೆ ಒಂದು ಅದ್ಭುತ ಅನುಕೂಲವಿದೆ. ಈ ನರಗಂಟು ಕೂತಿರುವುದೇ ಹೃದಯದಿಂದ ಮುಂದಕ್ಕೆ ಹೋಗುವ ರಕ್ತನಾಳದ ಒಳಗೆ. ಹೃದಯದ ಸುತ್ತಲಿನ ಕೋಣೆಯಲ್ಲಿ ಹಾರ್ಮೋನ್ ಬಿಡುವ ಅಂಗಗಳಿವೆ. ಅಲ್ಲಿ ಬಿಟ್ಟದ್ದು ಹೃದಯಕ್ಕೆ ಸೇರಿ ಅಲ್ಲಿಂದ ನೇರವಾಗಿ ನರಗಂಟಿನ ಮೇಲೆ ಹರಿಯುತ್ತದೆ. ಜೊತೆಗೆ ಮೇಲಿನಿಂದ ಬರುವ ನರದ ತುದಿಗಳೂ ಪೆಪ್ಟೈಡ್ ಬಿಡುತ್ತವೆ. ಹಾಗಾಗಿ ಎರಡು ದಾರಿ: ರಕ್ತದ ಮೂಲಕ ಇಡೀ ದೇಹಕ್ಕೆ ಸಾರುವುದು ಒಂದು, ನರದ ಮೂಲಕ ಸ್ಥಳದಲ್ಲೇ ಕೊಡುವುದು ಇನ್ನೊಂದು.

ಕೋಶದಲ್ಲಿ ಏನಾಗುತ್ತದೆ? ಪ್ರಾಕ್ಟೋಲಿನ್ ಒಂದು ಒಳಮುಖ ವಿದ್ಯುತ್ ಪ್ರವಾಹವನ್ನು ತೆರೆಯುತ್ತದೆ. ಕೋಶ ಆಳವಾಗಿ ಸುಮ್ಮನಿದ್ದಾಗ ಈ ಪ್ರವಾಹ ಇಲ್ಲವೆನ್ನುವಷ್ಟು ಕಡಿಮೆ. ಕೋಶ ಸ್ವಲ್ಪ ಎಚ್ಚರಗೊಳ್ಳುತ್ತಿದ್ದಂತೆ ಅದು ಹೆಚ್ಚಾಗಿ ಇನ್ನಷ್ಟು ಮೇಲೆ ತಳ್ಳುತ್ತದೆ. ಉಯ್ಯಾಲೆ ಮುಂದೆ ಹೊರಟ ಗಳಿಗೆಯಲ್ಲೇ ಹಿಂದಿನಿಂದ ಒಂದು ತಳ್ಳು ಕೊಟ್ಟ ಹಾಗೆ. ಸರಿಯಾದ ಹೊತ್ತಿಗೆ ತಳ್ಳುವುದರಿಂದಲೇ ಲಯ ಗಟ್ಟಿಯಾಗುತ್ತದೆ, ಸದಾ ತಳ್ಳುತ್ತಲೇ ಇದ್ದರೆ ಕೋಶ ಮಿಡಿಯುವುದನ್ನು ಬಿಟ್ಟು ಒಂದೇ ಸಮ ಕೂಗುತ್ತಿತ್ತು.

ಬಾಗಿಲು ಒಂದೇ, ಫಲ ಬೇರೆ

ಈ ವಿಷಯದಲ್ಲಿ ತುಂಬಾ ಮುಖ್ಯವಾದ ಜಾಗ ಇದು ಅನ್ನಿಸುತ್ತದೆ, ಹಾಗಾಗಿ ಸ್ವಲ್ಪ ನಿಧಾನವಾಗಿ ಹೋಗೋಣ.

2000 ಮತ್ತು 2001ರಲ್ಲಿ ಸ್ವೆನ್ಸನ್ ಮತ್ತು ಮಾರ್ಡರ್ ಒಂದು ವಿಚಿತ್ರವನ್ನು ತೋರಿಸಿದರು. ಪ್ರಾಕ್ಟೋಲಿನ್ ಇದೆ, ಸಿಸಿಎಪಿ ಎಂಬ ಒಂಬತ್ತು ಅಮೈನೊ ಆಮ್ಲಗಳ ಪೆಪ್ಟೈಡ್ ಇದೆ, ಇನ್ನೂ ಕೆಲವು ಪೆಪ್ಟೈಡುಗಳಿವೆ. ಇವುಗಳ ರಚನೆಗೆ ಒಂದಕ್ಕೊಂದು ಸಂಬಂಧವಿಲ್ಲ, ರಿಸೆಪ್ಟರುಗಳೂ ಬೇರೆ ಬೇರೆ. ಆದರೂ ಕೋಶದೊಳಗೆ ಇವೆಲ್ಲ ಕೊನೆಗೆ ತೆರೆಯುವುದು ಅದೇ ಒಂದು ಪ್ರವಾಹವನ್ನು. ಬೀಗದ ಕೈ ಹಲವು, ಬಾಗಿಲು ಒಂದು.

ಹಾಗಿದ್ದರೆ ಎಲ್ಲ ಪೆಪ್ಟೈಡುಗಳ ಪರಿಣಾಮವೂ ಒಂದೇ ಇರಬೇಕು, ಅಲ್ವಾ? ಇಲ್ಲ. ಪ್ರಾಕ್ಟೋಲಿನ್ ಹಾಕಿದಾಗ ಬರುವ ಲಯವೂ ಸಿಸಿಎಪಿ ಹಾಕಿದಾಗ ಬರುವ ಲಯವೂ ಬೇರೆ. ಕಾರಣ ಸರಳ: ಯಾವ ಕೋಶದಲ್ಲಿ ಯಾವ ರಿಸೆಪ್ಟರ್ ಇದೆ ಎಂಬುದು ಬೇರೆ ಬೇರೆ. ಒಂದು ಪೆಪ್ಟೈಡಿಗೆ ಹೆಚ್ಚು ಕೋಶಗಳು ಓಗೊಡುತ್ತವೆ, ಇನ್ನೊಂದಕ್ಕೆ ಕೆಲವೇ ಕೋಶಗಳು. ಬಾಗಿಲು ಒಂದೇ ಆದರೂ ಯಾವ ಯಾವ ಮನೆಯ ಬಾಗಿಲು ತೆರೆಯಿತು ಎಂಬುದರ ಮೇಲೆ ಇಡೀ ಬೀದಿಯ ಓಡಾಟ ಬದಲಾಗುತ್ತದೆ.

ತಂತಿ ನಕ್ಷೆಯಲ್ಲಿ ಇದರ ಸುಳಿವೂ ಇಲ್ಲ. ಕೋಶಗಳ ಆಕಾರ ಮತ್ತು ಸಂಪರ್ಕ ತೋರಿಸುವ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಚಿತ್ರದಲ್ಲಿ ಯಾವ ಪೊರೆಯಲ್ಲಿ ಯಾವ ಪೆಪ್ಟೈಡಿನ ರಿಸೆಪ್ಟರ್ ಇದೆ ಎಂದು ಕಾಣುವುದಿಲ್ಲ.

ಕಥೆ ಇಲ್ಲಿಗೇ ನಿಲ್ಲುವುದಿಲ್ಲ. ಮೇಲಿನಿಂದ ಈ ನರಗಂಟಿಗೆ ಬರುವ ಕೋಶಗಳಲ್ಲಿ ಪ್ರಾಕ್ಟೋಲಿನ್ ಬಿಡುವವು ಒಂದಕ್ಕಿಂತ ಹೆಚ್ಚು. ಅವು ಹುಟ್ಟಿಸುವ ಲಯ ಒಂದೇ ಅಲ್ಲ. ಏಕೆಂದರೆ ಒಂದು ಪ್ರಾಕ್ಟೋಲಿನ್ ಜೊತೆ ಗಾಬಾ ಎಂಬ ರಾಸಾಯನಿಕವನ್ನು ಬಿಡುತ್ತದೆ, ಇನ್ನೊಂದು ಇವೆರಡರ ಜೊತೆ ಟ್ಯಾಕಿಕೈನಿನ್ ಬಳಗದ ಮತ್ತೊಂದು ಪೆಪ್ಟೈಡನ್ನೂ ಬಿಡುತ್ತದೆ. ಮೇಲಾಗಿ ಬಿಟ್ಟ ಪೆಪ್ಟೈಡನ್ನು ಕತ್ತರಿಸಿ ನಿಷ್ಕ್ರಿಯ ಮಾಡುವ ಕಿಣ್ವಗಳು ಅಲ್ಲೇ ಕಾದಿರುತ್ತವೆ. ಹಾಗಾಗಿ ಪೆಪ್ಟೈಡ್ ಎಷ್ಟು ದೂರ ಹೋಗುತ್ತದೆ, ಎಷ್ಟು ಹೊತ್ತು ಉಳಿಯುತ್ತದೆ ಎಂಬುದಕ್ಕೂ ಲೆಕ್ಕವಿದೆ.

ಗಡಿಯೇ ಅಳಿಸಿಹೋದಾಗ

ಪೆಪ್ಟೈಡ್ ಬರೀ ವೇಗ ಏರಿಸಿ ಇಳಿಸುವ ಗುಂಡಿ ಎಂದುಕೊಂಡರೆ 1990ರ ಒಂದು ಪ್ರಯೋಗವನ್ನು ನೋಡಬೇಕು. ಆರ್‌ಪಿಸಿಎಚ್ ಎಂಬ ಎಂಟು ಅಮೈನೊ ಆಮ್ಲಗಳ ಹಾರ್ಮೋನ್ ಮೊದಲು ಹೆಸರಾದದ್ದು ಸಿಗಡಿಯ ಮೈಯ ಕೆಂಪು ಬಣ್ಣದ ಕಣಗಳನ್ನು ಕೋಶದೊಳಗೆ ಒಟ್ಟುಗೂಡಿಸುವ ಕೆಲಸಕ್ಕೆ. ಅದನ್ನು ಸ್ಪೈನಿ ಲಾಬ್‌ಸ್ಟರ್‌ನ ಹೊಟ್ಟೆಯ ನರಗಳ ಮೇಲೆ ಹಾಕಿದಾಗ, ಪ್ರತ್ಯೇಕವಾಗಿದ್ದ ಎರಡು ಸರ್ಕ್ಯೂಟುಗಳು, ಅಂದರೆ ಆಹಾರ ತುಂಬಿಕೊಳ್ಳುವ ಚೀಲದ್ದು ಮತ್ತು ಜಗಿಯುವ ಹಲ್ಲುಗಳದ್ದು, ಒಂದಾಗಿ ಬೆಸೆದುಕೊಂಡು ಹೊಸದೊಂದು ಜಂಟಿ ಲಯವನ್ನು ಹುಟ್ಟಿಸಿದವು.

ಹೊಸ ತಂತಿ ಎಳೆದಿಲ್ಲ. ಇದ್ದ ಸಂಪರ್ಕಗಳಲ್ಲೇ ಕೆಲವು ಬಲವಾದವು, ಅಷ್ಟೇ. ಮರುವರ್ಷ ಫ್ರಾನ್ಸ್‌ನ ಸಂಶೋಧಕರು ಬೇರೆ ಜಾತಿಯ ಲಾಬ್‌ಸ್ಟರ್‌ನಲ್ಲಿ ಇನ್ನೂ ಮುಂದೆ ಹೋದರು: ಒಂದು ಜೋಡಿ ಕೋಶಗಳು ಚುರುಕಾದಾಗ ಬೇರೆ ಬೇರೆ ಸರ್ಕ್ಯೂಟಿನ ಕೋಶಗಳು ತಮ್ಮ ತಮ್ಮ ಗುಂಪು ಬಿಟ್ಟು ಬಂದು ನುಂಗುವ ಕೆಲಸಕ್ಕೆ ಹೊಸ ಸರ್ಕ್ಯೂಟ್ ಕಟ್ಟಿಕೊಳ್ಳುತ್ತವೆ ಎಂದು ತೋರಿಸಿದರು. ಹಾಗಾದರೆ ಈ ಕೋಶ ಜಗಿಯುವ ಸರ್ಕ್ಯೂಟಿನದು ಎಂದು ನಕ್ಷೆಯಲ್ಲಿ ಬಣ್ಣ ಬಳಿದರೆ ಅದು ಯಾವ ಹೊತ್ತಿನ ಮಾತು?

ಎರಡು ಬಣಗಳ ವಾದ

ಈಗ ಸುದ್ದಿಗೆ ವಾಪಸ್ ಬರೋಣ. ನಕ್ಷೆಯ ಪರವಾಗಿರುವವರ ವಾದ ಬಲವಾಗಿಯೇ ಇದೆ. ಯಾರು ಯಾರ ಜೊತೆ ಮಾತಾಡಬಹುದು ಎಂದೇ ಗೊತ್ತಿಲ್ಲದಿದ್ದರೆ ಯಾವ ಪೆಪ್ಟೈಡ್ ಏನು ಬದಲಿಸಿತು ಎಂದು ಹೇಳುವುದಾದರೂ ಹೇಗೆ? ನೊಣದ ನಕ್ಷೆಯ ಮೇಲೆ ಸರಳವಾದ ಕಂಪ್ಯೂಟರ್ ಮಾದರಿ ಕಟ್ಟಿ, ಸಿಹಿ ರುಚಿ ಗ್ರಹಿಸುವ ಕೋಶಗಳನ್ನು ಚುರುಕುಗೊಳಿಸಿದರೆ ಸೊಂಡಿಲು ಚಾಚುವ ಕೋಶದವರೆಗೆ ಸಂಕೇತ ಹೋಗುತ್ತದೆ ಎಂದು ಸರಿಯಾಗಿ ಊಹಿಸಿದ್ದೂ ಇದೆ. ಇದು ಸಣ್ಣ ಗೆಲುವಲ್ಲ. ಏಡಿಯ ವಿಷಯದಲ್ಲೂ ಮೊದಲು ನಕ್ಷೆ ಇದ್ದುದರಿಂದಲೇ ಪೆಪ್ಟೈಡಿನ ಆಟ ಕಾಣಿಸಿತು.

ಇನ್ನೊಂದು ಬಣ ನಕ್ಷೆ ಬೇಡ ಎನ್ನುವುದಿಲ್ಲ, ನಕ್ಷೆಯಷ್ಟೇ ಸಾಲದು ಎನ್ನುತ್ತದೆ. ಅವರ ಕೈಯಲ್ಲಿರುವ ಉದಾಹರಣೆ ಸಿ. ಎಲಿಗನ್ಸ್ ಎಂಬ ಹುಳು. ಅದರ 302 ನರಕೋಶಗಳ ನಕ್ಷೆ 1986ರಲ್ಲೇ ಪ್ರಕಟವಾಯಿತು. 2023ರಲ್ಲಿ ಆ ಹುಳುವಿನ ಕೋಶಗಳನ್ನು ಒಂದೊಂದಾಗಿ ಬೆಳಕಿನಿಂದ ಚುರುಕುಗೊಳಿಸಿ ಸಂಕೇತ ನಿಜಕ್ಕೂ ಎಲ್ಲಿಗೆ ಹೋಗುತ್ತದೆ ಎಂದು ಅಳೆದರು. ನಕ್ಷೆ ನೋಡಿ ಊಹಿಸಿದ್ದಕ್ಕೂ ಅಳೆದದ್ದಕ್ಕೂ ಎಷ್ಟೋ ಕಡೆ ತಾಳೆಯಾಗಲಿಲ್ಲ. ತಂತಿ ಸಂಪರ್ಕವೇ ಇಲ್ಲದ ಕೋಶಗಳ ನಡುವೆಯೂ ಸಂದೇಶ ಓಡಾಡುತ್ತಿತ್ತು, ಅದರಲ್ಲಿ ಒಂದು ಪಾಲು ಪೆಪ್ಟೈಡಿನಂಥ ಹರಡುವ ರಾಸಾಯನಿಕಗಳ ಮೂಲಕ. ಅದೇ ವರ್ಷ ಇನ್ನೊಂದು ತಂಡ ಆ ಹುಳುವಿನ ಪೆಪ್ಟೈಡ್ ಜಾಲದ್ದೇ ಪ್ರತ್ಯೇಕ ನಕ್ಷೆ ತಯಾರಿಸಿತು. ಅದು ತಂತಿಯ ನಕ್ಷೆಗಿಂತ ದಟ್ಟವಾಗಿತ್ತು.

ನನ್ನ ತೀರ್ಮಾನ ಎರಡನೆಯ ಬಣದ ಕಡೆಗಿದೆ. ತಂತಿ ನಕ್ಷೆ ಹೇಳುವುದು ಸರ್ಕ್ಯೂಟಿಗೆ ಏನೇನು ಸಾಧ್ಯ ಎಂಬುದನ್ನು. ಈಗ ಅದು ಏನು ಮಾಡುತ್ತಿದೆ ಎಂದು ತೀರ್ಮಾನಿಸುವಲ್ಲಿ ಪೆಪ್ಟೈಡುಗಳ ಪಾತ್ರ ದೊಡ್ಡದು. 30 ಕೋಶಗಳಲ್ಲಿ ಈ ಮಾತು ನಿಜವಾದರೆ, 1,39,255 ಕೋಶಗಳಲ್ಲಿ ಅದು ಕಡಿಮೆಯಾಗುತ್ತದೆ ಎಂದು ನಂಬಲು ಕಾರಣ ಕಾಣುವುದಿಲ್ಲ.

ಒಂದೇ ಲಯ, ಬೇರೆ ಬೇರೆ ಒಳಗುಟ್ಟು

ಇದರಿಂದ ಮುಂದೆ ಆಗುವುದೇನು? ಮೊದಲನೆಯದು ಮೆದುಳನ್ನು ಕಂಪ್ಯೂಟರಿನಲ್ಲಿ ನಕಲು ಮಾಡುವ ಮಾತು. 2004ರಲ್ಲಿ ಪ್ರಿನ್ಸ್, ಬುಕರ್ ಮತ್ತು ಮಾರ್ಡರ್ ಪೈಲೋರಸ್ ಸರ್ಕ್ಯೂಟಿನ ಸರಳ ಮಾದರಿ ಕಟ್ಟಿ, ಕೋಶಗಳ ಗುಣ ಮತ್ತು ಸಂಪರ್ಕಗಳ ಬಲವನ್ನು ಬದಲಿಸುತ್ತಾ 2 ಕೋಟಿಗೂ ಹೆಚ್ಚು ಆವೃತ್ತಿಗಳನ್ನು ಓಡಿಸಿ ನೋಡಿದರು. ಅವುಗಳಲ್ಲಿ ಸುಮಾರು 4.5 ಲಕ್ಷ ಆವೃತ್ತಿಗಳು ನಿಜವಾದ ಪ್ರಾಣಿಯಂತೆಯೇ ಲಯ ಹಾಕಿದವು. ಹೊರಗೆ ಲಯ ಒಂದೇ, ಒಳಗಿನ ಲೆಕ್ಕ ಬೇರೆ ಬೇರೆ. ನಿಜವಾದ ಏಡಿಗಳ ಕೋಶಗಳನ್ನು ಅಳೆದಾಗಲೂ, ಒಂದೇ ಹೆಸರಿನ ಕೋಶದಲ್ಲಿ ಅಯಾನು ಬಾಗಿಲುಗಳ ಪ್ರಮಾಣ ಏಡಿಯಿಂದ ಏಡಿಗೆ ಎರಡು ಪಟ್ಟಿನಿಂದ ನಾಲ್ಕು ಪಟ್ಟಿನವರೆಗೆ ಬೇರೆ ಇತ್ತು.

ಹೀಗಾಗಿ ಹೊರಗಿನ ವರ್ತನೆ ಹೊಂದಿತು ಎಂದ ಮಾತ್ರಕ್ಕೆ ನಕಲು ಸರಿಯಾಯಿತು ಎಂದು ಹೇಳಲು ಬರುವುದಿಲ್ಲ. ಸಾಮಾನ್ಯ ಸ್ಥಿತಿಯಲ್ಲಿ ಒಂದೇ ಥರ ನಡೆದುಕೊಳ್ಳುವ ಎರಡು ಸರ್ಕ್ಯೂಟುಗಳು ಬಿಸಿ ತಗುಲಿದಾಗ, ಔಷಧ ಬಿದ್ದಾಗ ಬೇರೆ ಬೇರೆ ದಾರಿ ಹಿಡಿಯಬಹುದು. ಒಂದೇ ಮಾತ್ರೆ ಒಬ್ಬರಿಗೆ ಹಿಡಿಸಿ ಇನ್ನೊಬ್ಬರಿಗೆ ಹಿಡಿಸದಿರುವುದಕ್ಕೆ ಇಂಥದ್ದೂ ಒಂದು ಕಾರಣ ಇರಬಹುದು.

ಬಿಸಿ ನೀರು, ಉಸಿರಾಟ

ಅಟ್ಲಾಂಟಿಕ್ ಕರಾವಳಿಯ ಜೋನಾ ಏಡಿಯ ಪೈಲೋರಸ್ ಲಯವನ್ನು 7ರಿಂದ 23 ಡಿಗ್ರಿ ಸೆಲ್ಸಿಯಸ್‌ವರೆಗೆ ಬಿಸಿ ಮಾಡಿ ನೋಡಿದ್ದಾರೆ. ವೇಗ ಹಲವು ಪಟ್ಟು ಏರಿದರೂ ಮೂರು ಹೆಜ್ಜೆಯ ಸರದಿ ಮಾತ್ರ ಕೆಡಲಿಲ್ಲ. ಇನ್ನೂ ಬಿಸಿಯಾದರೆ ಲಯ ಕುಸಿಯುತ್ತದೆ, ತಣ್ಣಗೆ ಮಾಡಿದರೆ ಮರಳುತ್ತದೆ. ಜಗಿಯುವ ಲಯ ಇಷ್ಟು ಗಟ್ಟಿಯಲ್ಲ. 2015ರ ಪ್ರಯೋಗವೊಂದರಲ್ಲಿ ಬರೀ 3 ಡಿಗ್ರಿ ಏರಿಕೆಗೆ ಅದು ನಿಂತುಹೋಯಿತು, ಏಕೆಂದರೆ ಬಿಸಿಗೆ ಮುಖ್ಯ ಕೋಶದ ಪೊರೆಯಲ್ಲಿ ಸೋರಿಕೆ ಜಾಸ್ತಿಯಾಯಿತು. ಆದರೆ ಟ್ಯಾಕಿಕೈನಿನ್ ಬಳಗದ ಆ ಪೆಪ್ಟೈಡನ್ನು ಹಾಕಿದಾಗ ಅದು ಸೋರಿಕೆಯನ್ನು ಸರಿದೂಗಿಸಿ ಲಯವನ್ನು ಮರಳಿ ತಂದಿತು. ಕಡಲು ಬಿಸಿಯಾಗುತ್ತಿರುವ ಹೊತ್ತಿನಲ್ಲಿ ಇದು ದೊಡ್ಡ ವಿಷಯ: ಪ್ರಾಣಿ ಬಿಸಿಯನ್ನು ತಡೆದುಕೊಳ್ಳುತ್ತದೆಯೇ ಎಂಬುದು ಆ ಹೊತ್ತಿಗೆ ನರಗಳ ಮೇಲೆ ಯಾವ ಪೆಪ್ಟೈಡ್ ಇದೆ ಎಂಬುದರ ಮೇಲೂ ನಿಂತಿರಬಹುದು.

ಆ ಬಳಗದ ಇನ್ನೊಂದು ಸದಸ್ಯ ಮನುಷ್ಯರ ದೇಹದಲ್ಲಿದೆ, ಹೆಸರು ಸಬ್‌ಸ್ಟೆನ್ಸ್ ಪಿ. ಸಸ್ತನಿಗಳ ಮೆದುಳಿನ ಕಾಂಡದಲ್ಲಿ ಉಸಿರಾಟದ ಲಯ ಹುಟ್ಟಿಸುವ ಒಂದು ಪುಟ್ಟ ಭಾಗವಿದೆ. ಇಲಿಗಳಲ್ಲಿ ಮಾಡಿದ ಪ್ರಯೋಗಗಳಲ್ಲಿ ಸಬ್‌ಸ್ಟೆನ್ಸ್ ಪಿ ಆ ಲಯವನ್ನು ಚುರುಕುಗೊಳಿಸಿತು, ಓಪಿಯಾಯ್ಡ್‌ಗಳು ನಿಧಾನಗೊಳಿಸಿದವು. ಮಾರ್ಫಿನ್‌ನಂಥ ಓಪಿಯಾಯ್ಡ್ ಔಷಧ ಮಿತಿಮೀರಿದಾಗ ಪ್ರಾಣ ಹೋಗುವುದು ಉಸಿರು ನಿಂತು. ಅಲ್ಲೂ ಯಾವ ತಂತಿಯೂ ತುಂಡಾಗಿರುವುದಿಲ್ಲ.

ಬೆರೆಕೆಯ ಲೆಕ್ಕ

ಈಗ ಏಡಿಯ ಪ್ರಯೋಗಶಾಲೆಗಳು ತಲೆ ಕೆಡಿಸಿಕೊಂಡಿರುವುದು ಬೆರೆಕೆಯ ಬಗ್ಗೆ. ಹೆಚ್ಚಿನ ಪ್ರಯೋಗಗಳು ಒಂದು ಸಲಕ್ಕೆ ಒಂದೇ ಪೆಪ್ಟೈಡ್ ಹಾಕಿ ನೋಡಿದವು. ಆದರೆ ಏಡಿಯ ನರಮಂಡಲದಲ್ಲಿ ಗುರುತಿಸಿರುವ ಪೆಪ್ಟೈಡುಗಳ ಸಂಖ್ಯೆ ನೂರು ದಾಟಿದೆ, ಜೀವಂತ ಏಡಿಯ ರಕ್ತದಲ್ಲಿ ಅವು ಒಂಟಿಯಾಗಿ ಬರುವುದಿಲ್ಲ. ಎರಡು ಪೆಪ್ಟೈಡುಗಳೂ ಒಂದೇ ಪ್ರವಾಹವನ್ನು ತೆರೆಯುವುದಾದರೆ ಎರಡನೆಯದು ಬಂದಾಗ ತೆರೆಯಲು ಉಳಿದಿರುವ ಪಾಲು ಕಡಿಮೆ, ಹಾಗಾಗಿ ಒಂದು ಕೂಡಿಸು ಒಂದು ಎರಡಾಗುವುದಿಲ್ಲ. ಆದರೆ ಒಂದು ಪೆಪ್ಟೈಡ್ ಎಲ್‌ಪಿಯನ್ನೂ ಇನ್ನೊಂದು ಪಿವೈಯನ್ನೂ ತಟ್ಟಿದರೆ, ಎರಡೂ ಸೇರಿದಾಗ ಬರುವ ಲಯ ಎರಡರಲ್ಲಿ ಯಾವುದರಂತೆಯೂ ಇರದೆ ಹೋಗಬಹುದು. ಅದಕ್ಕೇ ಈಗ ಪೆಪ್ಟೈಡುಗಳನ್ನು ಕಡಿಮೆ ಪ್ರಮಾಣದಲ್ಲಿ ಒಟ್ಟಿಗೇ ಬೆರೆಸಿ, ತಣ್ಣನೆಯ ಉಪ್ಪುನೀರಿನ ಅದೇ ತಟ್ಟೆಯಲ್ಲಿ, ಅದೇ ಮೂರು ಹೆಜ್ಜೆಗಳನ್ನು ಮತ್ತೆ ಮೊದಲಿನಿಂದ ಅಳೆಯುತ್ತಿದ್ದಾರೆ.